ಬಿನೋದ್ ಬಿಹಾರಿಯವರ ಗೋಡೆಗಳು

ಹುಟ್ಟಿನಿಂದಲೇ ಒಂದು ಕಣ್ಣು ಕಾಣದೆ, ಮತ್ತೊಂದರ ದೃಷ್ಟಿಯೂ ಅತ್ಯಂತ ಮಂದವಾಗಿದ್ದ ಬಾಲಕನೊಬ್ಬನು 1919ರಲ್ಲಿ ಶಾಂತಿನಿಕೇತನದ ಕಲಾಭವನವನ್ನು ಪ್ರವೇಶಿಸಿದಾಗ, ಆತನೇ ಮುಂದೆ ಅಲ್ಲಿ ಅಧ್ಯಾಪಕನಾಗಿ ಭಾರತೀಯ ಭಿತ್ತಿಚಿತ್ರಕ್ಕೆ ನವಚೈತನ್ಯವನ್ನು ತುಂಬುವನೆಂದು ಯಾರು ತಾನೆ ಊಹಿಸಿಯಾರು? ನಂದಲಾಲ್ ಬೋಸರ ಶಿಷ್ಯರಾದ ಬಿನೋದ್ ಬಿಹಾರಿ ಮುಖರ್ಜಿಯವರೇ ಅವರು.

1947ರ ಸುಮಾರಿಗೆ ಶಾಂತಿನಿಕೇತನದ ಹಿಂದೀ ಭವನದ ಮೂರು ಗೋಡೆಗಳ ಮೇಲೆ ಅವರು ಮಧ್ಯಯುಗದ ಸಂತರ ಜೀವನವನ್ನು ಚಿತ್ರಿಸಿದರು. ಹಸಿಗಾರೆ ಒಣಗುವ ಮುನ್ನವೇ ಬಣ್ಣವು ಅದರಲ್ಲಿ ಐಕ್ಯವಾಗಬೇಕಾದ, ತಪ್ಪಿದ ರೇಖೆಯನ್ನು ತಿದ್ದುವುದು ದುಸ್ಸಾಧ್ಯವಾದ ಆ ವಿಧಾನದಲ್ಲಿ, ಪೂರ್ಣಪ್ರಮಾಣದ ಕರಡನ್ನು ಗೋಡೆಗಿಳಿಸಿಕೊಳ್ಳದೆಯೇ, ಕಬೀರ, ಸೂರದಾಸ, ತುಲಸೀದಾಸರನ್ನೂ ಅವರ ಸುತ್ತಣ ಶ್ರಮಜೀವಿಗಳನ್ನೂ ಒಂದೇ ನದಿಯ ಪ್ರವಾಹದಂತೆ ಅವರು ಹರಿಯಗೊಟ್ಟರು. ಸಂತನನ್ನು ಜನರಿಂದ ಎತ್ತರಿಸಿ ಪೀಠದಲ್ಲಿ ಕೂರಿಸದೆ ಜನರ ನಡುವೆಯೇ ನಿಲ್ಲಿಸಿದುದು ಆ ಕೃತಿಯ ಪರಮ ಗೌರವವೆಂದು ನಾನು ಭಾವಿಸುತ್ತೇನೆ.

ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯೊಂದು ವಿಫಲವಾಗಿ ಉಳಿದಿದ್ದ ದೃಷ್ಟಿಯೂ ನಷ್ಟವಾಯಿತು. ಆದರೂ ಅವರು ಕಲಾಭವನಕ್ಕೆ ಮರಳಿ ಬೋಧಿಸಿದರು; ಕಾಗದವನ್ನು ಕತ್ತರಿಸಿ ಅಂಟಿಸಿದರು, ಬೆರಳುಗಳಿಂದ ಮೂರ್ತಿಗಳನ್ನು ರೂಪಿಸಿದರು, 1972ರಲ್ಲಿ ಕಲಾಭವನದ ಗೋಡೆಯೊಂದಕ್ಕೆ ಹೆಂಚಿನ ಬಿಲ್ಲೆಗಳ ಭಿತ್ತಿಯನ್ನೇ ರಚಿಸಿದರು. ಅದೇ ವರ್ಷ ಅವರ ಶಿಷ್ಯ ಸತ್ಯಜಿತ್ ರಾಯ್ ತಮ್ಮ ಗುರುವನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದರು. ಮತ್ತೊಬ್ಬ ಶಿಷ್ಯ ಕೆ. ಜಿ. ಸುಬ್ರಮಣ್ಯನ್ ಬರೋಡೆಯ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಕಲೆಯನ್ನು ಕಲಿಸಿ, 1980ರಲ್ಲಿ ಶಾಂತಿನಿಕೇತನಕ್ಕೇ ಪ್ರಾಧ್ಯಾಪಕರಾಗಿ ಹಿಂದಿರುಗಿದರು.