ಬಲವಾದ ರೇಡಿಯೋ ಅಲೆಯಿಂದ ಮೈಗೆ ಕೇಡುಂಟೇ?



1988ರಲ್ಲಿ ಆಕಾಶವಾಣಿಯು ನಮ್ಮ ಈ ನಾಗಪುರದಿಂದ ರಾಷ್ಟ್ರೀಯ ವಾಹಿನಿಯನ್ನು ಆರಂಭಿಸಿತು. ಅದರ ಪ್ರಸಾರಯಂತ್ರದ ಬಲ 1000 ಕಿಲೋವ್ಯಾಟ್ ಆಗಿತ್ತು. ಇಷ್ಟು ಬಲವಾದ ಅಲೆ ಹಾಯುವಲ್ಲಿ ಮನುಷ್ಯನಿಗೆ ಕೇಡಿಲ್ಲವೇ ಎಂದು ಹಲವರು ಕೇಳುತ್ತಾರೆ.

ರೇಡಿಯೋ ಅಲೆಯಾಗಲಿ ಮೈಕ್ರೋವೇವ್ ಆಗಲಿ, ಕ್ಷಕಿರಣದಂತೆ ಅಣುಗಳ ಕಟ್ಟನ್ನು ಮುರಿಯಲಾರವು. ಆದರೆ ಬಲ ಮಿತಿಮೀರಿದರೆ ಮೈಯನ್ನು ಒಳಗಿನಿಂದಲೇ ಕಾಯಿಸುತ್ತವೆ. ಈ ಕಾವನ್ನು ರಕ್ತವು ಹಂಚಿ ಒಯ್ಯುತ್ತದೆ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಅಲ್ಲಿ ಕಾವು ನಿಂತು ಪೊರೆ ಬರಬಹುದು.

ಆದರೂ ಒಲೆಯ ಬಾಯಲ್ಲಿ ನಿಂತವನಿಗೂ ಗಲ್ಲಾದಲ್ಲಿ ಕೂತವರಿಗೂ ತಗಲುವ ಬಿಸಿ ಒಂದೇ ಅಲ್ಲ. ಅಲೆಯೂ ಹಾಗೆಯೇ, ದೂರ ಇಮ್ಮಡಿಯಾದರೆ ಬಲ ಕಾಲುಪಾಲಿಗೆ ಇಳಿಯುವುದು.

ಕ್ಯಾನ್ಸರಿನ ಮಾತು? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯು ‘ತರಲೂಬಹುದು’ ಎಂಬ ವರ್ಗಕ್ಕೆ ಈ ಅಲೆಗಳನ್ನು ಸೇರಿಸಿತು, ತರುತ್ತವೆಂದು ಸಿದ್ಧವಾಯಿತೆನ್ನಲಿಲ್ಲ. 2012ರಲ್ಲಿ ಭಾರತ ಸರಕಾರವು ಮೊಬೈಲ್ ಗೋಪುರಗಳ ಅಲೆಯ ಮಿತಿಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿತು.

ಆದುದರಿಂದ ಮನೆಯಲ್ಲಿ ಕೂತು ರೇಡಿಯೋ ಕೇಳುವವರು ಅಂಜಬೇಕಿಲ್ಲ. ಎಚ್ಚರ ಬೇಕಾದುದು ಹತ್ತಿರ ನಿಂತು ದುಡಿಯುವವರಿಗೆ. ಗೋಪುರ ಹತ್ತುವವರು ಮೊದಲು ಪ್ರಸಾರ ನಿಲ್ಲಿಸಿರೆಂದು ಕೇಳಬೇಕು. ಅಡಿಗೆಮನೆಯ ಮೈಕ್ರೋವೇವ್ ಒಲೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ರಿಪೇರಿಯಾಗುವ ತನಕ ಅದನ್ನು ಹಚ್ಚೆವೆಂದು ನಾವು ಹೇಳಬೇಕು. ಒಬ್ಬನೇ ಹೇಳಿದರೆ ಅವನ ಕೆಲಸ ಹೋದೀತು. ಎಲ್ಲರೂ ಕೂಡಿ ಹೇಳಿದರೆ ಮಾಲಿಕರು ಕೇಳಲೇಬೇಕು.