ನಮ್ಮ ಅಂಗಳದ ಅಮೃತಶಿಲೆ
(ಶತಮಾನೋತ್ಸವದ ಸಿದ್ಧತಾ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವಕ್ಕೆ ಮುನ್ನ ಅಂಗಳದಲ್ಲಿರುವ ಮರಿಯಮ್ಮನವರ ಅಮೃತಶಿಲೆಯ ಸ್ವರೂಪವನ್ನು ಆಸಿಡ್‌ನಿಂದ ತೊಳೆಯಿಸಿ, ಬಿರುಕಿಗೆ ಸಿಮೆಂಟು ತುಂಬಿಸಿ, ಬಿಳಿ ಬಣ್ಣ ಬಳಿಸಬೇಕೆಂದು ನಿಮ್ಮಲ್ಲಿ ಅನೇಕರು ಸೂಚಿಸಿದ್ದೀರಿ. ಇದಕ್ಕಾಗಿ ಹಣವನ್ನಿತ್ತ ಉದಾರಿಗಳೂ ಇದ್ದಾರೆ. ಅವರ ಭಕ್ತಿಗೆ ನಮಸ್ಕರಿಸುತ್ತಲೇ, ನಾನು ಇದಕ್ಕೆ ಏಕೆ ಒಪ್ಪಲಾರೆನೆಂಬುದನ್ನು ಅರಿಕೆ ಮಾಡಬೇಕಾಗಿದೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಎಳೆಯ ಗುರುವಾಗಿದ್ದಾಗ, ಬೇರೊಂದು ಊರಿನಲ್ಲಿ, ಹಬ್ಬದ ಮುನ್ನಾದಿನ ಇಂಥದೇ ಸ್ವರೂಪವನ್ನು ಆಸಿಡ್ ಹಾಕಿಸಿ ತೊಳೆಸಿದೆ. ನೊರೆ ಉಕ್ಕಿತು, ಕೊಳೆ ಹೋಗುತ್ತಿದೆಯೆಂದು ಹಿಗ್ಗಿದೆ. ಹೋಗುತ್ತಿದ್ದುದು ಕಲ್ಲು! ಮರುದಿನ ಸ್ವರೂಪವು ಹಾಲಿನಂತೆ ಬೆಳಗಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೈಯೆಲ್ಲ ಸಕ್ಕರೆಯಂತೆ ತರಿತರಿಯಾಗಿ, ಮೊದಲಿಗಿಂತ ಬೇಗ ಕಪ್ಪಾಯಿತು. ಕೈಬೆರಳಿನ ಉಗುರುಗಳ ಗೆರೆ ಅಳಿಸಿಹೋಗಿತ್ತು. ತತ್ತ್ವಶಾಸ್ತ್ರ ಓದಿದವನಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ.

ಅಮೃತಶಿಲೆಯು ಸುಣ್ಣಕಲ್ಲಿನ ಮಾರ್ಪಟ್ಟ ರೂಪ. ಆಮ್ಲ ತಗುಲಿದರೆ ಕರಗುತ್ತದೆ. ಹೊಗೆಯಲ್ಲಿರುವ ಗಂಧಕದ ಅನಿಲವು ತೇವದೊಡನೆ ಸೇರಿ ಇದೇ ಕೆಲಸವನ್ನು ನಿಧಾನವಾಗಿ ಮಾಡಿ, ಕಲ್ಲಿನ ಮೇಲ್ಪದರವನ್ನು ಜಿಪ್ಸಮ್ ಆಗಿಸುತ್ತದೆ. ಮಳೆ ಬೀಳುವೆಡೆ ಅದು ತೊಳೆದುಹೋಗುತ್ತದೆ. ಮಳೆ ತಾಗದ ಗಲ್ಲದ ಕೆಳಗೆ, ಉಡುಪಿನ ನೆರಿಗೆಗಳಲ್ಲಿ ಮಸಿಯನ್ನು ಹಿಡಿದು ಕಪ್ಪು ಪದರವಾಗುತ್ತದೆ. ಕಬ್ಬನ್ ಉದ್ಯಾನದ ಅಂಚಿನಲ್ಲಿ, ದಂಡಿಗೂ ಪೇಟೆಗೂ ನಡುವೆ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ನೀವೆಲ್ಲ ಬಲ್ಲಿರಿ. ಥಾಮಸ್ ಬ್ರಾಕ್ ಕಡೆದ ಆ ಅಮೃತಶಿಲೆಯು 1906ರ ಫೆಬ್ರವರಿಯಲ್ಲಿ ಅನಾವರಣಗೊಂಡಂದಿನಿಂದ ಬಯಲಿನಲ್ಲೇ ಇದೆ. ರಾಣಿಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಕಡೆ ಹೋದಾಗ ಮಳೆಗೊಡ್ಡಿದ ಭುಜವನ್ನೂ ನೆರಿಗೆಗಳನ್ನೂ ಹೋಲಿಸಿ ನೋಡಿರಿ. ಫ್ಲಾರೆನ್ಸಿನವರು ಮಿಕೆಲಾಂಜೆಲೊ ಕಡೆದ ದಾವೀದನನ್ನು 1873ರಲ್ಲಿ ಬಯಲಿನಿಂದ ಒಳಾಂಗಣಕ್ಕೆ ಸಾಗಿಸಿದರು. ದಾರಿಹೋಕರೂ ಕೈಮುಗಿಯುವ ನಮ್ಮ ಮಾತೆಯನ್ನು ಒಳಗಿಡಲು ನನಗೆ ಮನಸ್ಸಿಲ್ಲ.

ಕೊಳೆಗಿಂತಲೂ ನನಗೆ ಭಯ ಬಿರುಕಿನದು. ಪಾದದ ಬಳಿಯ ಬಿರುಕಿನಿಂದ ಕಂದು ಕಲೆ ಇಳಿದಿದೆ. ಒಳಗೆ ಕಬ್ಬಿಣದ ಸಲಾಕೆ ಇರಬೇಕು. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಹಿಗ್ಗಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಅಥೆನ್ಸಿನ ಪಾರ್ಥೆನಾನ್ ಮಂದಿರದಲ್ಲಿ ಪ್ರಾಚೀನರು ಕಬ್ಬಿಣದ ಪಟ್ಟಿಗಳ ಸುತ್ತ ಸೀಸ ಹೊಯ್ದಿದ್ದರು. 1898ರ ನಂತರ ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರ್ ಜೀರ್ಣೋದ್ಧಾರಕ್ಕೆ ಕೈಯಿಟ್ಟು, ಸೀಸವಿಲ್ಲದ ಕಬ್ಬಿಣವನ್ನು ಬಳಸಿದರು. ಅದು ತುಕ್ಕು ಹಿಡಿದು ಅಮೃತಶಿಲೆಯನ್ನು ಒಡೆಯಿತು. ಮುಂದಿನ ಪೀಳಿಗೆಯವರು ಅದನ್ನು ಕಿತ್ತು ಟೈಟೇನಿಯಂ ಅಳವಡಿಸಬೇಕಾಯಿತು. ನಾವು ಸಿಮೆಂಟಿನಿಂದ ಬಾಯಿ ಮುಚ್ಚಿದರೆ ತೇವ ಒಳಗೇ ಉಳಿದು, ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಬಣ್ಣದ ಗತಿಯೂ ಅದೇ.

ಶಿವಾಜಿನಗರದ ಬೆಸಿಲಿಕದಷ್ಟಲ್ಲದಿದ್ದರೂ ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮಲ್ಲೂ ಜನ ನೆರೆಯುತ್ತಾರೆ. ಮಕ್ಕಳು ಪೀಠವೇರಿ ಮಾಲೆ ಹಾಕುತ್ತಾರೆ. ಆದ್ದರಿಂದ ನಾಳೆಯಿಂದಲೇ ಸುತ್ತ ಹಗ್ಗ ಕಟ್ಟಲಾಗುವುದು. ಮಾಲೆಗಳನ್ನು ಹಗ್ಗದ ಹೊರಗಿಡಿ. ತೂಗುಗುಂಡು ಇಳಿಬಿಟ್ಟು ಸ್ವರೂಪದ ವಾಲುವಿಕೆಯನ್ನು ಅಳೆದು, ಬಿರುಕಿನ ತುದಿಗಳಲ್ಲಿ ತಾರೀಖು ಬರೆದಿಡೋಣ. ಪೀಠದ ಬುಡದಲ್ಲಿ ನಿಲ್ಲುವ ನೀರಿಗೆ ಕಾಲುವೆ ತೋಡಬೇಕು. ಸಲಾಕೆಯನ್ನು ತೆಗೆದು ತುಕ್ಕು ಹಿಡಿಯದ ಉಕ್ಕನ್ನು ಕೂರಿಸುವುದು ಶಿಲಾಸಂರಕ್ಷಣೆ ಬಲ್ಲವರ ಕೆಲಸ, ಅಂಥವರನ್ನು ಕರೆಸುತ್ತೇನೆ. ಅವರು ನೋಡುವವರೆಗೆ ಯಾರೂ ಉಜ್ಜಬಾರದು. ಬಣ್ಣಕ್ಕೆಂದು ಕೊಟ್ಟ ಹಣವನ್ನು ಈ ಕೆಲಸಕ್ಕೆ ಬಳಸಲು ದಾನಿಗಳ ಅನುಮತಿಯನ್ನು ಬೇಡುತ್ತೇನೆ. ಈ ವರ್ಷದ ಹಬ್ಬದಲ್ಲಿ ಮಾತೆಯ ಸ್ವರೂಪವು ಸ್ವಲ್ಪ ಕಪ್ಪಾಗಿಯೇ ಇರುತ್ತದೆ.