ನೋವಿನ ಸೂಜಿ ಹೆಚ್ಚಾದಷ್ಟೂ ನೋವು ಕಡಿಮೆಯಾಗುವುದೇ?

(ಆಪರೇಷನ್ ಆಗುವ ರೋಗಿಗಳಿಗೆ ಹಾಗೂ ಅವರ ಆರೈಕೆಗೆ ಬಂದವರಿಗೆ ವಾರ್ಡಿನಲ್ಲಿ ಹೇಳಿದ ಮಾತುಗಳು)



ಆಪರೇಷನ್ ಆದ ವಾರ್ಡಿನಲ್ಲಿ ನಾನು ದಿನವೂ ಕೇಳುವ ಮಾತು ಒಂದಿದೆ: "ಸಿಸ್ಟರ್, ನಮ್ಮಪ್ಪಗ ಭಾಳ ನೋವಾಗಾಕತ್ತೈತ್ರಿ, ಇನ್ನೊಂದು ಸೂಜಿ ಮಾಡ್ರಿ." ನಿಮ್ಮ ಸಂಕಟ ನಮಗೆ ತಿಳಿಯುತ್ತದೆ. ಆದರೆ ಕೆಲವರಲ್ಲಿ ಅದೇ ಸೂಜಿಯನ್ನು ಮತ್ತೆ ಮತ್ತೆ ಮಾಡಿದರೆ ನೋವು ಇಳಿಯುವ ಬದಲು ಏರುತ್ತದೆ. ಇದೇಕೆ ಎಂಬುದನ್ನು ಇಂದು ತಿಳಿಯೋಣ.

ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಇವು ಅಫೀಮಿನ ಗುಂಪಿನ ಔಷಧಿಗಳು. ದೊಡ್ಡ ಆಪರೇಷನ್‌ಗೆ ಇವು ಬೇಕೇ ಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟಾಗ ಹೆದರಬೇಕಾಗಿಲ್ಲ. ಆದರೆ ಪ್ರಮಾಣ ಹೆಚ್ಚಾದಾಗ, ಇಲ್ಲವೇ ಬಹಳ ದಿನ ತೆಗೆದುಕೊಂಡಾಗ, ನರಗಳೇ ಅತಿ ಚುರುಕಾಗಬಹುದು. ಜೋಳದ ಹೊಲ ಕಾಯುವವನನ್ನು ನೆನೆಯಿರಿ. ದಿನಗಟ್ಟಲೆ ಕಿವಿ ಮುಚ್ಚಿ ಕೂರಿಸಿ ಒಮ್ಮೆಲೇ ಬಿಚ್ಚಿದರೆ, ಎಲೆ ಅಲುಗಿದರೂ ಕಳ್ಳ ಬಂದನೆಂದು ಕೂಗುತ್ತಾನೆ. ನರಗಳೂ ಹಾಗೆಯೇ. ಹೊಲಿಗೆಯ ಜಾಗವಷ್ಟೇ ಅಲ್ಲ, ಸುತ್ತಲೂ ನೋವು ಹರಡುತ್ತದೆ. ಮೈಮೇಲಿನ ಚಾದರ ತಾಗಿದರೂ ಉರಿಯುತ್ತದೆ.

ಎಲ್ಲ ಹೆಚ್ಚಿನ ನೋವೂ ಇದೇ ಅಲ್ಲ. ಆದ್ದರಿಂದ ವೈದ್ಯರು ಮೊದಲು ಗಾಯದಲ್ಲಿ ಕೀವು, ಒಳಗಿನ ರಕ್ತಸ್ರಾವ, ಮೂತ್ರ ಕಟ್ಟಿರುವುದು ಇವನ್ನು ನೋಡುತ್ತಾರೆ.

ಹೀಗೆ ನರ ಚುರುಕಾದಾಗ ಅರಿವಳಿಕೆ ವೈದ್ಯರು ಬೇರೆ ದಾರಿ ಹಿಡಿಯುತ್ತಾರೆ. ಅಫೀಮಿನ ಗುಂಪಿನ ಔಷಧಿಯನ್ನು ಕಡಿಮೆ ಮಾಡಿ, ಪ್ಯಾರಾಸಿಟಮಾಲ್ ಅಥವಾ ಆ ಭಾಗವನ್ನಷ್ಟೇ ಮರಗಟ್ಟಿಸುವ ಸೂಜಿ ಕೊಡುತ್ತಾರೆ. ಜೊತೆಗೆ ಮಂಪರು ತರುವ ಕೆಲವು ಔಷಧಿಗಳನ್ನು ಸಣ್ಣ ಪ್ರಮಾಣದಲ್ಲಿ ಬಳಸಬಹುದು. 1970ರಿಂದ ಬಳಕೆಯಲ್ಲಿರುವ ಕೆಟಮಿನ್, ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಹಿಗ್ಗಿಸುವ ದಾರಿಯನ್ನು ತಡೆಯುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಶಾಂತ ನಿದ್ದೆ ತಂದು, ನೋವಿನ ಔಷಧಿಯ ಅಗತ್ಯವನ್ನು ತಗ್ಗಿಸುತ್ತದೆ. ಮೊದಲನೆಯದರಿಂದ ವಿಚಿತ್ರ ಕನಸು, ತಲೆ ಸುತ್ತು ಬರಬಹುದು. ಎರಡನೆಯದರಿಂದ ನಾಡಿ, ಬಿ.ಪಿ. ಇಳಿಯಬಹುದು, ಬಾಯಿ ಒಣಗಬಹುದು. ಅದಕ್ಕಾಗಿಯೇ ನಾವು ಮತ್ತೆ ಮತ್ತೆ ಬಂದು ನಾಡಿ, ಬಿ.ಪಿ., ಉಸಿರು ನೋಡುತ್ತೇವೆ. ರೋಗಿ ಮಂಪರಿನಲ್ಲಿದ್ದರೆ ಗಾಬರಿಯಾಗಬೇಡಿ.

ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಕಬ್ಬು ಕಡಿದು ಕಡಿದು ಬೆನ್ನು ನೋಯುತ್ತಿದ್ದುದಕ್ಕೆ ಅವರು ತಿಂಗಳುಗಟ್ಟಲೆ ಟ್ರಮಡಾಲ್ ಗುಳಿಗೆ ನುಂಗಿದ್ದರು. ಬೈದಾರು ಎಂದು ಆಪರೇಷನ್‌ಗೆ ಮುಂಚೆ ಹೇಳಲಿಲ್ಲ. ಆಮೇಲೆ ಎಷ್ಟು ಔಷಧಿ ಕೊಟ್ಟರೂ ನೋವು ನಿಲ್ಲಲಿಲ್ಲ. ಎರಡನೆಯ ರಾತ್ರಿ ಅವರ ಸೊಸೆ ಗುಳಿಗೆಯ ಖಾಲಿ ಚೀಟಿ ತಂದು ತೋರಿಸಿದಾಗಲೇ ನಮಗೆ ದಾರಿ ಸಿಕ್ಕಿತು. ಔಷಧಿ ಬದಲಾಯಿಸಿದ ಮೇಲೆ ಅವರು ನಿದ್ದೆ ಮಾಡಿದರು. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಕಾಯ್ದೆಯಡಿ ಬಂದಿದೆ. ಅದು ಸಾಮಾನ್ಯ ಗುಳಿಗೆಯಲ್ಲ.

ನೀವು ಮಾಡಬೇಕಾದುದು ಇಷ್ಟೇ:

1. ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲ ಗುಳಿಗೆ, ಕುಡಿತ, ಇತರ ಚಟ ಏನಿದ್ದರೂ ಆಪರೇಷನ್‌ಗೆ ಮೊದಲೇ ಹೇಳಿ. ಯಾರೂ ಬೈಯುವುದಿಲ್ಲ.

2. ನೋವನ್ನು 0ಯಿಂದ 10ರವರೆಗಿನ ಅಂಕಿಯಲ್ಲಿ ರೋಗಿಯೇ ಹೇಳಲಿ. ಎಲ್ಲಿ, ಯಾವಾಗ, ಮುಟ್ಟಿದರೆ ಹೇಗೆ ಎಂಬುದನ್ನೂ ತಿಳಿಸಿ. ನೋವು ನುಂಗಿಕೊಂಡು ಸುಮ್ಮನಿರಬೇಡಿ.

3. ಮನೆಯಿಂದ ತಂದ ನಿದ್ದೆ ಗುಳಿಗೆಯನ್ನು ನೀವಾಗಿ ಕೊಡಬೇಡಿ. ನೋವಿನ ಸೂಜಿಯ ಜೊತೆ ಅದು ಸೇರಿದರೆ ಉಸಿರೇ ನಿಲ್ಲಬಹುದು.

4. ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಆ ಕ್ಷಣವೇ ನಮ್ಮನ್ನು ಕೂಗಿ.

"ಇನ್ನೊಂದು ಸೂಜಿ ಮಾಡ್ರಿ" ಎನ್ನುವ ಬದಲು "ನೋವು ಯಾಕ ಇಳಿವಲ್ದು, ನೋಡ್ರಿ" ಎಂದು ಕೇಳಿ. ರೋಗಿಗೆ ಅದೇ ದೊಡ್ಡ ಉಪಕಾರ. ಎಲ್ಲರೂ ಬೇಗ ಗುಣಮುಖರಾಗಿ ಮನೆಗೆ ಹೋಗುವಂತಾಗಲಿ.